ಹಿತ್ತಲಿನ ಪ್ರಶ್ನೋತ್ತರ: ಸೀಗಿ ಹುಣ್ಣಿಮೆಯಿಂದ ಗೌರಿ ಹುಣ್ಣಿಮೆಯವರೆಗೆ ಕಡ್ಡಿ ನೆಡುವ ಕಾಲ

ಬನ್ನಿ ಹಂಚಿಕೊಂಡು ದಸರೆ ಮುಗಿಸಿದ ಮೇಲೆ ನಮ್ಮ ಭಾಗದ ಹಿತ್ತಲುಗಳಲ್ಲಿ ಗಿಡ ಸವರುವ ಕೆಲಸ ಆರಂಭವಾಗುತ್ತದೆ. ಸವರಿದ ಟೊಂಗೆಗಳನ್ನು ಕಸಕ್ಕೆ ಹಾಕಲು ಮನಸ್ಸಾಗದೆ ಮಣ್ಣಿಗೆ ಚುಚ್ಚಿದವರ ಪತ್ರಗಳೇ ಈ ಬಾರಿ ಹೆಚ್ಚು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಹನ್ನೆರಡು ಗುಲಾಬಿ ಕಡ್ಡಿಗಳನ್ನೂ ಎಂಟು ದಾಸವಾಳದ ಕಡ್ಡಿಗಳನ್ನೂ ನೆಟ್ಟಿದ್ದೆ. ಮೂರು ವಾರಗಳಲ್ಲಿ ಬಹುತೇಕ ಎಲ್ಲವೂ ಚಿಗುರಿದವು. ಐದನೆಯ ವಾರದ ಹೊತ್ತಿಗೆ ಚಿಗುರು ಬಾಡಿತು. ಕಿತ್ತು ನೋಡಿದರೆ ಬುಡ ಕಪ್ಪಾಗಿತ್ತು, ಬೇರು ಇರಲಿಲ್ಲ. ಮಳೆಗಾಲದಲ್ಲಿ ಏನು ನೆಟ್ಟರೂ ಹತ್ತುತ್ತದೆ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ನೆರೆಮನೆಯವರು ದಸರೆಯ ಮೇಲೆ ನೆಡಬೇಕಿತ್ತು ಎನ್ನುತ್ತಾರೆ. ಯಾವುದು ಸರಿ?
(ನಿವೃತ್ತ ಶಿಕ್ಷಕರು, ಮಾಳಮಡ್ಡಿ, ಧಾರವಾಡ)

ಉತ್ತರ: ನಿಮ್ಮ ತಂದೆಯವರ ಮಾತು ಬೇಲಿಗೆ ನೆಡುವ ಗಿಡಗಳ ಮಟ್ಟಿಗೆ ಸರಿಯಾಗಿಯೇ ಇದೆ. ಗೊಬ್ಬರದ ಗಿಡ, ನುಗ್ಗೆ ಮುಂತಾದವುಗಳ ಮೊಳಕೈ ಗಾತ್ರದ ಗೂಟಗಳನ್ನು ಮುಂಗಾರಿನ ಆರಂಭದಲ್ಲಿ ಊರಿದರೆ ಸಾಕು, ಅವು ತಮ್ಮೊಳಗೆ ಕೂಡಿಟ್ಟುಕೊಂಡ ಆಹಾರದ ಬಲದಿಂದಲೇ ಬೇರು ಬಿಡುತ್ತವೆ. ಪೆನ್ಸಿಲಿನ ಗಾತ್ರದ ಗುಲಾಬಿ, ದಾಸವಾಳದ ಕಡ್ಡಿಗಳಿಗೆ ಆ ಬಲವಿಲ್ಲ. ಅವುಗಳಿಗೆ ಶ್ರಾವಣದಲ್ಲಿ ಎರಡು ತೊಂದರೆಗಳು ಒಟ್ಟಿಗೇ ಎದುರಾಗುತ್ತವೆ. ಮೊದಲನೆಯದಾಗಿ, ಜೂನ್ ತಿಂಗಳಿನಿಂದ ರಭಸವಾಗಿ ಬೆಳೆದ ಟೊಂಗೆಗಳು ಆಗಿನ್ನೂ ಎಳೆಯವಾಗಿ, ನೀರು ತುಂಬಿಕೊಂಡು, ಮೆತ್ತಗೆ ಇರುತ್ತವೆ. ಎರಡನೆಯದಾಗಿ, ಎಡೆಬಿಡದ ಮಳೆಯಿಂದ ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತು ಗಾಳಿಗೆ ಎಡೆ ಇರುವುದಿಲ್ಲ. ಬೇರು ಹುಟ್ಟುವ ಜಾಗಕ್ಕೆ ತೇವದಷ್ಟೇ ಗಾಳಿಯೂ ಬೇಕು. ಗಾಳಿ ಇಲ್ಲದ ಕೆಸರಿನಲ್ಲಿ ಕೊಳೆತ ತರುವ ಶಿಲೀಂಧ್ರಗಳು ಬೇರಿಗಿಂತ ಮೊದಲು ಬರುತ್ತವೆ. ನಿಮ್ಮ ಕಡ್ಡಿಗಳ ಬುಡ ಕಪ್ಪಾದದ್ದು ಈ ಕಾರಣದಿಂದ.

ಹಾಗಿದ್ದರೆ ಮೂರನೆಯ ವಾರದಲ್ಲಿ ಅವು ಚಿಗುರಿದ್ದು ಹೇಗೆ ಎಂದು ನೀವು ಕೇಳಬಹುದು. ಚಿಗುರು ಬಂದರೆ ಬೇರು ಬಂದಿದೆ ಎಂದು ತಿಳಿಯುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು. ಕಡ್ಡಿಯ ಗಿಣ್ಣುಗಳಲ್ಲಿ ಮೊಗ್ಗು ಮೊದಲೇ ಸಿದ್ಧವಾಗಿರುತ್ತದೆ. ಅದು ಅರಳಲು ಕಾಂಡದಲ್ಲಿರುವ ನೀರು, ಪಿಷ್ಟಗಳೇ ಸಾಕು. ಬೇರು ಹಾಗಲ್ಲ. ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ತೆಳುವಾದ ಪದರದ ಸುತ್ತಲಿನ ಜೀವಕೋಶಗಳು ತಮ್ಮ ಮೊದಲಿನ ಕೆಲಸ ಬಿಟ್ಟು, ಹೊಸದಾಗಿ ವಿಭಜನೆಗೊಂಡು, ಬೇರಿನ ಮೊಳಕೆಯಾಗಿ ರೂಪುಗೊಂಡು ತೊಗಟೆಯನ್ನು ಸೀಳಿ ಹೊರಬರಬೇಕು. ಇದಕ್ಕೆ ದಾಸವಾಳದಲ್ಲಿ ನಾಲ್ಕರಿಂದ ಆರು ವಾರ, ಗುಲಾಬಿಯಲ್ಲಿ ಆರರಿಂದ ಎಂಟು ವಾರ, ಕಾಗದದ ಹೂವಿನಲ್ಲಿ ಕೆಲವೊಮ್ಮೆ ಮೂರು ತಿಂಗಳು ಬೇಕಾಗುತ್ತದೆ. ಅಷ್ಟು ದಿನ ಕಡ್ಡಿಯು ಒಣಗದಂತೆಯೂ ಕೊಳೆಯದಂತೆಯೂ ಕಾಯುವುದೇ ನಮ್ಮ ಪಾಲಿನ ಕೆಲಸ. ಕೈಗುಣ, ಪುಡಿ, ಔಷಧಗಳೆಲ್ಲ ಇದರ ನಂತರದ ಮಾತು.

ನೆರೆಮನೆಯವರ ಸಲಹೆಯನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಸೀಗಿ ಹುಣ್ಣಿಮೆಯಿಂದ ಗೌರಿ ಹುಣ್ಣಿಮೆಯವರೆಗಿನ ಒಂದು ತಿಂಗಳು, ಎಂದರೆ ಚಿತ್ತಿ ಮಳೆಯ ಕೊನೆಯಿಂದ ಸ್ವಾತಿ, ವಿಶಾಖದ ದಿನಗಳವರೆಗೆ, ಧಾರವಾಡದ ಹವೆ ಕಡ್ಡಿಗಳಿಗೆ ಹೇಳಿ ಮಾಡಿಸಿದಂತಿರುತ್ತದೆ. ಹಗಲಿನ ಬಿಸಿ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದು, ರಾತ್ರಿ ಇನ್ನೂ ಮೈ ಕೊರೆಯುವ ಚಳಿ ಬಂದಿರುವುದಿಲ್ಲ. ನೆಲ ಬೆಚ್ಚಗೂ ಮೇಲಿನ ಗಾಳಿ ತಂಪಾಗಿಯೂ ಇರುವ ಈ ಹೊಂದಿಕೆಯಲ್ಲಿ ಕೆಳಗೆ ಬೇರಿನ ಕೆಲಸ ಬೇಗ ನಡೆಯುತ್ತದೆ, ಮೇಲೆ ಎಲೆಗಳಿಂದ ನೀರು ಆವಿಯಾಗುವುದು ನಿಧಾನವಾಗುತ್ತದೆ. ಮುಂಗಾರಿನಲ್ಲಿ ಬೆಳೆದ ಟೊಂಗೆಗಳು ಈ ಹೊತ್ತಿಗೆ ಅರೆಬಲಿತು ಪಿಷ್ಟ ತುಂಬಿಕೊಂಡಿರುತ್ತವೆ. ಮಾರ್ಗಶಿರದ ಚಳಿ ಬಿದ್ದ ಮೇಲೆ ಇದೇ ಕೆಲಸ ಎರಡು ಪಟ್ಟು ದಿನ ಹಿಡಿಯುತ್ತದೆ.

ಟೊಂಗೆ ಅರೆಬಲಿತಿದೆಯೇ ಎಂದು ತಿಳಿಯಲು ಅದನ್ನು ಬಾಗಿಸಿ ನೋಡಿರಿ. ರಬ್ಬರಿನಂತೆ ಬಾಗಿ ಮತ್ತೆ ನೆಟ್ಟಗಾದರೆ ಇನ್ನೂ ಎಳೆಯದು. ಬಾಗಲು ಒಪ್ಪದೆ ಬಿಗಿಯಾಗಿದ್ದರೆ ಬಲಿತದ್ದು. ಚಟ್ಟೆಂದು ಮುರಿದು ತೊಗಟೆಯ ಎಳೆಯಲ್ಲಿ ಜೋತುಬಿದ್ದರೆ ನಮಗೆ ಬೇಕಾದದ್ದು. ಗುಲಾಬಿಯಲ್ಲಿ ಹೂ ಉದುರಿ ಒಂದು ವಾರವಾದ ಟೊಂಗೆ ಉತ್ತಮ. ಹೂವೋ ಮೊಗ್ಗೋ ಇರುವ ಟೊಂಗೆಯನ್ನು ಆರಿಸಬಾರದು. ಅದರ ಶಕ್ತಿ ಹೂವಿನ ಕಡೆಗೆ ಹರಿಯುತ್ತಿರುತ್ತದೆ. ತಾಯಿಗಿಡಕ್ಕೆ ಹಿಂದಿನ ಸಂಜೆ ಚೆನ್ನಾಗಿ ನೀರುಣಿಸಿ, ಬಿಸಿಲೇರುವ ಮೊದಲು ಕತ್ತರಿಸಿರಿ. ಆರರಿಂದ ಎಂಟು ಅಂಗುಲ ಉದ್ದದ ತುಂಡಿನಲ್ಲಿ ಮೂರು ನಾಲ್ಕು ಗಿಣ್ಣುಗಳಿರಲಿ. ಕೆಳಗಿನ ತುದಿಯನ್ನು ಗಿಣ್ಣಿನ ಕೆಳಗೆ ಕಾಲು ಅಂಗುಲದಷ್ಟು ಬಿಟ್ಟು ಓರೆಯಾಗಿಯೂ, ಮೇಲಿನ ತುದಿಯನ್ನು ನೇರವಾಗಿಯೂ ಕತ್ತರಿಸಿದರೆ ಯಾವುದು ಬುಡ, ಯಾವುದು ತುದಿ ಎಂಬ ಗೊಂದಲ ಉಳಿಯುವುದಿಲ್ಲ. ತಲೆಕೆಳಗಾಗಿ ನೆಟ್ಟ ಕಡ್ಡಿ ಬದುಕುವುದು ಕಷ್ಟ. ಕೆಳಗಿನ ಎಲೆಗಳನ್ನು ತೆಗೆದು, ಮೇಲೆ ಎರಡು ಎಲೆಗಳನ್ನು ಉಳಿಸಿ, ಅವು ದೊಡ್ಡವಾಗಿದ್ದರೆ ಅರ್ಧಕ್ಕೆ ಕತ್ತರಿಸಿರಿ. ಎಲ್ಲ ಎಲೆಗಳನ್ನೂ ಬೋಳಿಸುವ ರೂಢಿ ನಮ್ಮಲ್ಲಿ ಹೆಚ್ಚಾಗಿದೆ, ಆದರೆ ಬೇರಿಗೆ ಬೇಕಾದ ಆಹಾರವೂ ಬೇರು ಹುಟ್ಟಿಸುವ ಪ್ರಚೋದಕವೂ ಆ ಎಲೆಗಳಿಂದಲೇ ಕೆಳಗಿಳಿಯುತ್ತವೆ.

ನೆಡುವ ಮಿಶ್ರಣದಲ್ಲಿ ಗೊಬ್ಬರ ಬೇಡ. ತೊಳೆದ ಉಸುಕು ಒಂದು ಪಾಲು, ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ ಒಂದು ಪಾಲು ಸಾಕು. ಈಗ ಹೊಳೆಯ ಉಸುಕು ಸಿಗುವುದು ಕಷ್ಟವಾದ್ದರಿಂದ ಎಂ-ಸ್ಯಾಂಡ್ ಬಳಸುವವರು ಅದರಲ್ಲಿರುವ ಕಲ್ಲಿನ ಹಿಟ್ಟನ್ನು ನಾಲ್ಕಾರು ಬಾರಿ ನೀರಿನಲ್ಲಿ ತೊಳೆದು ಹೊರಹಾಕಬೇಕು; ಇಲ್ಲದಿದ್ದರೆ ಅದು ಸಿಮೆಂಟಿನಂತೆ ಗಟ್ಟಿಯಾಗಿ ಕೂರುತ್ತದೆ. ಕಡ್ಡಿಯನ್ನು ನೇರವಾಗಿ ಚುಚ್ಚದೆ, ಮೊದಲು ಬೇರೊಂದು ಕಟ್ಟಿಗೆಯಿಂದ ತೂತು ಮಾಡಿ, ಎರಡು ಗಿಣ್ಣು ಒಳಗೆ ಹೋಗುವಂತೆ ಇಳಿಸಿ, ಸುತ್ತ ಬೆರಳಿನಿಂದ ಒತ್ತಿರಿ. ಮೇಲಿನ ಕೊಯ್ದ ತುದಿಗೆ ಸೆಗಣಿ ಮೆತ್ತುವ ನಮ್ಮ ಹಳ್ಳಿಗಳ ಪದ್ಧತಿ ಒಳ್ಳೆಯದು, ಅಲ್ಲಿಂದ ತೇವ ಆರುವುದು ತಪ್ಪುತ್ತದೆ. ಅದೇ ಸೆಗಣಿಯನ್ನು ಬುಡಕ್ಕೆ ಹಚ್ಚಿದರೆ ಕೊಳೆತವನ್ನು ಕರೆದಂತಾಗುತ್ತದೆ. ಆಮೇಲೆ ಕುಂಡವನ್ನು ಬೆಳಗಿನ ಎಳೆಬಿಸಿಲು ಮಾತ್ರ ತಾಗುವ ಪಡಸಾಲೆಯ ಅಂಚಿನಲ್ಲಿಡಿರಿ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು.

ಇನ್ನೊಂದು ಮಾತು. ನೀವು ಕಿತ್ತು ನೋಡಿದ್ದು ಕೊನೆಯಲ್ಲಾದ್ದರಿಂದ ನಷ್ಟವಾಗಲಿಲ್ಲ. ಆದರೆ ವಾರಕ್ಕೊಮ್ಮೆ ಎತ್ತಿ ನೋಡಿದರೆ ಕೂದಲಿನಷ್ಟು ನವಿರಾದ ಮೊದಲ ಬೇರುಗಳು ಹರಿಯುತ್ತವೆ. ನಾನೂ ಮೊದಮೊದಲು ಹೀಗೆ ಮಾಡಿ ಒಂದು ಇಡೀ ಸಾಲು ದಾಸವಾಳವನ್ನು ಕಳೆದುಕೊಂಡಿದ್ದೇನೆ. ತಿಂಗಳಾದ ಮೇಲೆ ಕಡ್ಡಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆ ಜಗ್ಗಿರಿ. ಮಣ್ಣು ಅದನ್ನು ಹಿಡಿದುಕೊಂಡಿದೆ ಎನಿಸಿದರೆ ಬೇರು ಬಂದಿದೆ.

ಪ್ರಶ್ನೆ: ನಮ್ಮದು ಅಪ್ಪಟ ಎರೆ ನೆಲ, ನೀರು ಬೋರ್‌ವೆಲ್ಲಿನದು, ಸವಳು. ಧಾರವಾಡದ ಬಂಧುಗಳ ಮನೆಯಿಂದ ಪ್ರತಿ ದೀಪಾವಳಿಗೆ ಕಡ್ಡಿ ತಂದು ಅಂಗಳದಲ್ಲಿ ನೆಡುತ್ತೇನೆ. ಅವರಲ್ಲಿ ಹತ್ತಿದ ಕಡ್ಡಿ ನಮ್ಮಲ್ಲಿ ಹದಿನೈದು ದಿನಗಳಲ್ಲಿ ಒಣಗುತ್ತದೆ. ಗದಗಿನ ಕಡೆ ಈ ಕೆಲಸ ಆಗುವುದೇ ಇಲ್ಲವೇ?
(ಓದುಗರು, ಬೆಟಗೇರಿ, ಗದಗ)

ಉತ್ತರ: ಖಂಡಿತ ಆಗುತ್ತದೆ, ಆದರೆ ಧಾರವಾಡದ ರೀತಿಯನ್ನು ಹಾಗೆಯೇ ಗದಗಿಗೆ ತರಲಾಗದು. ಮಲೆನಾಡಿನ ಅಂಚಿನಲ್ಲಿರುವ ಧಾರವಾಡಕ್ಕಿಂತ ನಿಮ್ಮಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು. ದೀಪಾವಳಿಯ ಹೊತ್ತಿಗೆ ಮೂಡಣ ದಿಕ್ಕಿನ ಒಣಗಾಳಿ ಬಯಲಿನ ಮೇಲೆ ಬೀಸತೊಡಗುತ್ತದೆ. ಬೇರಿಲ್ಲದ ಕಡ್ಡಿಯ ಪಾಲಿಗೆ ಅದು ಬೇಸಿಗೆಯ ಬಿಸಿಲಿಗಿಂತ ಕೆಟ್ಟದ್ದು. ಆದ್ದರಿಂದ ನೀವು ದೀಪಾವಳಿಗೆ ಕಾಯದೆ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತುವ ದಿನಗಳಲ್ಲೇ ಕಡ್ಡಿ ನೆಡಬೇಕು.

ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಆರಿದಾಗ ಕುಗ್ಗಿ ಬಿರುಕು ಬಿಡುವ ಜೇಡಿಯಿಂದ ಆಗಿದೆ. ಜೋಳದ ಬೇರು ಆ ಬಿರುಕುಗಳ ನಡುವೆ ತೇವ ಹುಡುಕಿಕೊಂಡು ಆಳಕ್ಕೆ ಹೋಗಬಲ್ಲದು. ಆಗತಾನೆ ಹುಟ್ಟಿದ ಅರ್ಧ ಅಂಗುಲದ ಬೇರು ಮಾತ್ರ ಮಣ್ಣು ಕುಗ್ಗುವಾಗ ಹರಿದುಹೋಗುತ್ತದೆ. ಹೀಗಾಗಿ ನಿಮ್ಮ ನೆಲದಲ್ಲಿ ಕಡ್ಡಿಯನ್ನು ನೇರವಾಗಿ ಊರಲೇಬಾರದು. ಮೊದಲ ಮೂರು ತಿಂಗಳು ಕುಂಡದಲ್ಲಿಯೋ ಪಾಲಿಥಿನ್ ಚೀಲದಲ್ಲಿಯೋ ಮೇಲೆ ಹೇಳಿದ ಉಸುಕು ಮತ್ತು ನಾರಿನ ಪುಡಿಯ ಮಿಶ್ರಣದಲ್ಲಿ ಬೆಳೆಸಿರಿ. ಚೀಲದ ತಳದಲ್ಲಿ ನಾಲ್ಕೈದು ತೂತುಗಳಿರಲಿ.

ನೀರಿನ ವಿಷಯ ಇನ್ನೂ ಮುಖ್ಯವಾದುದು. ಕುಂಡದ ಅಂಚಿನಲ್ಲಿ ಬಿಳಿಯ ಹೊಪ್ಪಳಿಕೆ ಕಟ್ಟುತ್ತಿದ್ದರೆ, ಎಲೆಯ ತುದಿ ಮತ್ತು ಅಂಚು ಸುಟ್ಟಂತೆ ಕಂದಾಗುತ್ತಿದ್ದರೆ ಅದು ಲವಣದ ಗುರುತು. ಲವಣ ಹೆಚ್ಚಿದ ಮಣ್ಣಿನಲ್ಲಿ ನೀರಿದ್ದರೂ ಕಡ್ಡಿಗೆ ಅದನ್ನು ಹೀರಲು ಆಗುವುದಿಲ್ಲ. ತೆಂಗಿನ ನಾರಿನ ಪುಡಿಯಲ್ಲಿಯೂ ಸ್ವಲ್ಪ ಉಪ್ಪು ಇರುವುದರಿಂದ ಅದನ್ನು ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಪ್ರಯೋಜನವಿಲ್ಲ. ಕೊನೆಯ ತೊಳೆತವಾದರೂ ಮಳೆನೀರಿನದಾಗಿರಲಿ. ಹತ್ತು ಹದಿನೈದು ಕಡ್ಡಿಗಳಿಗೆ ಎರಡು ತಿಂಗಳಿಗೆ ಬೇಕಾಗುವ ನೀರು ಬಹಳವೇನಲ್ಲ. ಹಸ್ತ, ಚಿತ್ತಿ ಮಳೆಗಳಲ್ಲಿ ಮಾಳಿಗೆಯಿಂದ ಇಳಿಯುವ ನೀರನ್ನು ಎರಡು ಮುಚ್ಚಳದ ಡ್ರಮ್ಮುಗಳಲ್ಲಿ ಹಿಡಿದಿಟ್ಟರೆ ಸಾಕು.

ಗಾಳಿಗೆ ಮರೆಯಾಗಿ ಪ್ರತಿ ಕುಂಡದ ಮೇಲೆ ತಳ ಕತ್ತರಿಸಿದ ಪಾರದರ್ಶಕ ನೀರಿನ ಬಾಟಲಿಯನ್ನು ಬೋರಲು ಹಾಕಿರಿ. ಒಳಗಿನ ಗಾಳಿ ತೇವವಾಗಿ ಉಳಿದು ಎಲೆ ಬಾಡುವುದಿಲ್ಲ. ದಿನಕ್ಕೊಮ್ಮೆ ಹತ್ತು ನಿಮಿಷ ಮುಚ್ಚಳ ತೆರೆದಿಡಿರಿ. ಬಾಟಲಿ ಮುಚ್ಚಿದ ಕುಂಡ ನೇರ ಬಿಸಿಲಿನಲ್ಲಿದ್ದರೆ ಒಳಗಿನ ಕಡ್ಡಿ ಬೆಂದುಹೋಗುತ್ತದೆ. ಅದು ನೆರಳಿನಲ್ಲಿಯೇ ಇರಬೇಕು. ಮಾಘದ ಹೊತ್ತಿಗೆ ಗಿಡವನ್ನು ನೆಲಕ್ಕಿಳಿಸುವಾಗ ಎರಡಡಿ ಆಳ, ಎರಡಡಿ ಅಗಲದ ಗುಣಿ ತೆಗೆದು, ತಳಕ್ಕೆ ಗರಸು ಹಾಕಿ, ಮಸಾರಿ (ಕೆಂಪು) ಮಣ್ಣು ಮತ್ತು ಕೊಳೆತ ತಿಪ್ಪೆಗೊಬ್ಬರವನ್ನು ಎರೆಮಣ್ಣಿನೊಂದಿಗೆ ಬೆರೆಸಿ ತುಂಬಿರಿ. ಸುತ್ತಲಿನ ನೆಲಕ್ಕಿಂತ ಪಾತಿ ನಾಲ್ಕು ಅಂಗುಲ ಎತ್ತರವಿದ್ದರೆ ಮುಂದಿನ ಮುಂಗಾರಿನಲ್ಲಿ ಬುಡದಲ್ಲಿ ನೀರು ನಿಲ್ಲುವುದಿಲ್ಲ.

ಪ್ರಶ್ನೆ: ಬೇರು ಬರಿಸುವ ಪುಡಿ ಇಲ್ಲದೆ ಕಡ್ಡಿ ಹತ್ತುವುದಿಲ್ಲ ಎಂದು ನರ್ಸರಿಯವರು ಹೇಳುತ್ತಾರೆ. ಜೇನುತುಪ್ಪ, ಲೋಳೆಸರ, ದಾಲ್ಚಿನ್ನಿ, ಎಳನೀರು ಇವುಗಳಲ್ಲಿ ಯಾವುದನ್ನಾದರೂ ಅದರ ಬದಲು ಬಳಸಬಹುದೇ?
(ಗೃಹಿಣಿ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಪುಡಿ ಎಂದರೆ ಏನು ಎಂಬುದನ್ನು ಮೊದಲು ತಿಳಿದರೆ ಉಳಿದದ್ದು ಸುಲಭವಾಗುತ್ತದೆ. ಗಿಡದ ಎಳೆಯ ತುದಿಯಲ್ಲಿ ಹುಟ್ಟಿ ಕೆಳಮುಖವಾಗಿ ಹರಿಯುವ, ಬೆಳವಣಿಗೆಯನ್ನು ನಿಯಂತ್ರಿಸುವ ವಸ್ತುವೊಂದಿದೆ ಎಂಬುದನ್ನು ನೆದರ್‌ಲ್ಯಾಂಡ್ಸ್‌ನ ಫ್ರಿಟ್ಸ್ ವೆಂಟ್ ಅವರು 1928ರಲ್ಲಿ ಓಟ್ಸ್ ಮೊಳಕೆಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಅದನ್ನು ಆಕ್ಸಿನ್ ಎನ್ನುತ್ತಾರೆ. 1935ರಲ್ಲಿ ಅಮೆರಿಕದ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಅವರು ಇಂಡೋಲ್ ಬ್ಯುಟಿರಿಕ್ ಆಮ್ಲ (ಐಬಿಎ) ಮೊದಲಾದ ರಾಸಾಯನಿಕಗಳು ಕಾಂಡದಲ್ಲಿ ಬೇರು ಹುಟ್ಟಿಸುತ್ತವೆ ಎಂದು ಪ್ರಕಟಿಸಿದರು. ಇಂದು ಅಂಗಡಿಗಳಲ್ಲಿ ಸಿಗುವ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಇದೇ ಐಬಿಎ.

ಕಡ್ಡಿಯ ಎಲೆ ಮತ್ತು ಮೊಗ್ಗುಗಳು ಆಕ್ಸಿನನ್ನು ತಾವೇ ತಯಾರಿಸುತ್ತವೆ. ದಾಸವಾಳ, ಕಣಗಿಲೆ, ನಂದಿಬಟ್ಟಲು, ದೊಡ್ಡಪತ್ರೆ, ಕ್ರೋಟನ್‌ಗಳಿಗೆ ಅಷ್ಟೇ ಸಾಕು, ಪುಡಿಗೆ ಹಣ ಕೊಡಬೇಕಾಗಿಲ್ಲ. ಗುಲಾಬಿ, ಕಾಗದದ ಹೂ, ಮಲ್ಲಿಗೆಗಳಲ್ಲಿ ಪುಡಿಯಿಂದ ಹತ್ತುವ ಕಡ್ಡಿಗಳ ಸಂಖ್ಯೆ ಹೆಚ್ಚುತ್ತದೆ, ಬೇರುಗಳೂ ಒಂದೇ ಕಡೆಗೆ ಬರದೆ ಸುತ್ತಲೂ ಬರುತ್ತವೆ. ಅರೆಬಲಿತ ಕಡ್ಡಿಗೆ ಸಾಮಾನ್ಯವಾಗಿ 1000ರಿಂದ 3000 ಪಿಪಿಎಂ, ಅಂದರೆ ಶೇಕಡಾ 0.1ರಿಂದ 0.3ರಷ್ಟು ಐಬಿಎ ಇರುವ ಪುಡಿಯನ್ನು ಬಳಸುತ್ತಾರೆ. ಪ್ರಮಾಣ ಹೆಚ್ಚಾದರೆ ಬೇರು ಹೆಚ್ಚಾಗುವುದಿಲ್ಲ, ಬುಡ ಕರಿಯಾಗಿ ಸಾಯುತ್ತದೆ. ಒಂದು ಚಿಟಿಕೆಯಷ್ಟನ್ನು ಕಾಗದದ ಮೇಲೆ ಸುರಿದುಕೊಂಡು, ಕಡ್ಡಿಯ ಕೆಳತುದಿಯ ಅರ್ಧ ಅಂಗುಲಕ್ಕೆ ಮಾತ್ರ ತಾಗಿಸಿ, ಹೆಚ್ಚಿನದನ್ನು ತಟ್ಟಿ ಉದುರಿಸಿರಿ. ಒದ್ದೆ ಕಡ್ಡಿಯನ್ನು ಡಬ್ಬಿಯೊಳಗೇ ಅದ್ದಿದರೆ ಉಳಿದ ಪುಡಿಯೆಲ್ಲ ಕೆಡುತ್ತದೆ.

ಜೇನುತುಪ್ಪ ಮತ್ತು ದಾಲ್ಚಿನ್ನಿಗಳಿಗೆ ಸೂಕ್ಷ್ಮಜೀವಿಗಳನ್ನು ಒಂದಿಷ್ಟು ತಡೆಯುವ ಗುಣವಿದೆ, ಆದರೆ ಅವುಗಳಿಂದ ಪುಡಿಯ ಕೆಲಸ ಆಗುವುದಿಲ್ಲ. ಲೋಳೆಸರದ ಲೋಳೆ ಕೊಯ್ದ ಭಾಗ ಒಣಗದಂತೆ ಕಾಪಾಡುತ್ತದೆ, ಬಳಸಬಹುದು. ಎಳನೀರನ್ನು ಮಾತ್ರ ನಾನು ಬೇಡವೆನ್ನುತ್ತೇನೆ. ಅದರಲ್ಲಿ ಸೈಟೋಕೈನಿನ್ ಎಂಬ ಇನ್ನೊಂದು ಬಗೆಯ ಪ್ರಚೋದಕ ಇದೆ. ಅದರ ಒಲವು ಬೇರಿಗಿಂತ ಚಿಗುರಿನ ಕಡೆಗೆ. ಜೊತೆಗೆ ಅದರ ಸಕ್ಕರೆ ಇರುವೆಗಳನ್ನೂ ಬೂಷ್ಟನ್ನೂ ಕರೆತರುತ್ತದೆ.

ಪ್ರಶ್ನೆ: ಕೇಳಿ ತಂದ ಮನಿ ಪ್ಲಾಂಟ್ ಬರುವುದಿಲ್ಲ, ಕದ್ದು ತಂದದ್ದು ಚೆನ್ನಾಗಿ ಬರುತ್ತದೆ ಎನ್ನುತ್ತಾರೆ. ಇದರಲ್ಲಿ ಹುರುಳಿದೆಯೇ?
(ಕಾಲೇಜು ವಿದ್ಯಾರ್ಥಿನಿ, ರಾಣೆಬೆನ್ನೂರು)

ಉತ್ತರ: ಇಲ್ಲ. ಆ ಬಳ್ಳಿಯ ಪ್ರತಿ ಗಿಣ್ಣಿನಲ್ಲಿಯೂ ಗಾಳಿಬೇರಿನ ಮೊಳಕೆ ಮೊದಲೇ ಸಿದ್ಧವಾಗಿರುತ್ತದೆ. ಗಿಣ್ಣು ಇರುವ ತುಂಡು ಹೇಗೆ ಬಂದರೂ ಹತ್ತುತ್ತದೆ, ಗಿಣ್ಣು ಇಲ್ಲದೆ ಬರೀ ಎಲೆಯನ್ನು ತಂದರೆ ಹೇಗೆ ತಂದರೂ ಬಳ್ಳಿಯಾಗುವುದಿಲ್ಲ. ಕೇಳಿ ತಂದರೆ ಮನೆಯವರೇ ಒಳ್ಳೆಯ ತುಂಡನ್ನು ಕತ್ತರಿಸಿ ಕೊಡುತ್ತಾರೆ.

ಪ್ರಶ್ನೆ: ಮದುವೆಯಲ್ಲಿ ಬಂದ ಹೂಗುಚ್ಛದ ಕೆಂಪು ಗುಲಾಬಿಯ ಕಾಂಡದಿಂದ ಗಿಡ ಮಾಡಬಹುದೇ? ಹಾಗೆಯೇ, ನರ್ಸರಿಯಿಂದ ತಂದ ನಮ್ಮ ಗುಲಾಬಿಯ ಬುಡದಿಂದ ಉದ್ದನೆಯ ಟೊಂಗೆಗಳು ಬಂದಿವೆ, ಹೂ ಬಿಡುತ್ತಿಲ್ಲ. ಅವನ್ನು ಕಡ್ಡಿಗೆ ಬಳಸಬಹುದೇ?
(ಬ್ಯಾಂಕ್ ಉದ್ಯೋಗಿ, ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಹೂಗುಚ್ಛದ ಕಾಂಡವು ಕೊಯ್ದು ದಿನಗಳಾಗಿ, ತಣ್ಣನೆಯ ಕೋಣೆಯಲ್ಲಿದ್ದು, ದೂರದಿಂದ ಬಂದಿರುತ್ತದೆ, ಅದರಲ್ಲಿ ಉಳಿದ ಆಹಾರವೂ ಹೂವಿಗೇ ಹೋಗಿರುತ್ತದೆ. ನೂರಕ್ಕೆ ಒಂದೆರಡು ಹತ್ತಿದರೂ ಹಸಿರುಮನೆಗೆಂದು ಬೆಳೆಸಿದ ತಳಿ ನಿಮ್ಮ ಗಚ್ಚಿನ ಮೇಲೆ ನರಳುತ್ತದೆ. ಅದಕ್ಕೆ ಬದಲಾಗಿ ಪರಿಮಳದ ನಾಟಿ ಪನ್ನೀರು ಗುಲಾಬಿಯ ಕಡ್ಡಿ ತನ್ನಿರಿ. ಸ್ವಂತ ಬೇರಿನ ಮೇಲೆ ಚೆನ್ನಾಗಿ ಬಾಳುವ ಗುಲಾಬಿ ಅದು.

ಬುಡದಿಂದ ಬಂದ ಟೊಂಗೆಗಳು ಬಹುಶಃ ಒಳ್ಳೆಯ ತಳಿಯನ್ನು ಕಸಿ ಕಟ್ಟಲು ಕೆಳಗೆ ಬೇರಾಗಿ ಬಳಸಿದ ಕಾಡುಗುಲಾಬಿಯವು. ಏಳೆಲೆ ಇದ್ದರೆ ಕಾಡು, ಐದೆಲೆ ಇದ್ದರೆ ಒಳ್ಳೆಯದು ಎಂಬ ಲೆಕ್ಕ ಯಾವಾಗಲೂ ಸರಿಬರುವುದಿಲ್ಲ, ಏಕೆಂದರೆ ಒಳ್ಳೆಯ ತಳಿಗಳಲ್ಲಿಯೂ ಕೆಲವೊಮ್ಮೆ ಏಳೆಲೆ ಇರುತ್ತವೆ. ಮಣ್ಣು ಸರಿಸಿ ಕಸಿಯ ಗಂಟನ್ನು ಹುಡುಕಿರಿ. ಟೊಂಗೆ ಗಂಟಿನ ಕೆಳಗಿನಿಂದ ಹೊರಟಿದ್ದರೆ ಅದನ್ನು ಕತ್ತರಿಸದೆ, ಹುಟ್ಟಿದಲ್ಲಿಂದಲೇ ಸಿಗಿದು ತೆಗೆಯಿರಿ. ಕಸಿ ಕಟ್ಟಲು ಬಲ್ಲವರಾದರೆ ಆ ಟೊಂಗೆಗಳಿಂದ ಕಡ್ಡಿ ಮಾಡಿಟ್ಟುಕೊಳ್ಳಬಹುದು, ಬೇರು ಬಹು ಬೇಗ ಬರುತ್ತದೆ.

ಪ್ರಶ್ನೆ: ಮನೆಯ ಹಿಂದಿನ ನಾಲ್ಕು ಗುಂಟೆಯಲ್ಲಿ ದಾಳಿಂಬೆ, ಅಂಜೂರ, ದ್ರಾಕ್ಷಿ, ವೀಳ್ಯದೆಲೆ ಹಾಕುವ ಆಸೆ ಇದೆ. ಪರಿಚಿತರ ತೋಟದಿಂದ ಕಡ್ಡಿ ತರಬಹುದು. ಸೇವಂತಿಗೆ, ಕರಿಬೇವುಗಳನ್ನೂ ಈಗಲೇ ಮಾಡಬಹುದೇ?
(ರೈತರು, ಸವಣೂರು ತಾಲ್ಲೂಕು, ಹಾವೇರಿ ಜಿಲ್ಲೆ)

ಉತ್ತರ: ವೀಳ್ಯದೆಲೆಗೆ ಹೆಸರಾದ ಸವಣೂರಿನವರಿಗೆ ಆ ಬಳ್ಳಿಯ ಬಗ್ಗೆ ನಾನು ಹೇಳುವುದು ಕಡಿಮೆ. ಬುಡ ಕೊಳೆತು ಬಳ್ಳಿ ಸೊರಗಿದ ತೋಟದಿಂದ ಮಾತ್ರ, ಅಲ್ಲಿ ಚೆನ್ನಾಗಿ ಕಾಣುವ ಬಳ್ಳಿಯಾದರೂ, ತುಂಡು ತರಬೇಡಿರಿ. ರೋಗ ಮಣ್ಣಿನೊಂದಿಗೆ ಬರುತ್ತದೆ.

ದಾಳಿಂಬೆಯ ವಿಷಯದಲ್ಲಿ ನಾನು ಒತ್ತಿ ಹೇಳಬೇಕಾದದ್ದಿದೆ. ದಾಳಿಂಬೆ ಕಡ್ಡಿಯಿಂದ ಸುಲಭವಾಗಿ ಬರುತ್ತದೆ. ಆ ಸುಲಭವೇ ಉತ್ತರ ಕರ್ನಾಟಕದ ತೋಟಗಳಿಗೆ ಮುಳುವಾಯಿತು. ದುಂಡಾಣು ಅಂಗಮಾರಿ ರೋಗವು ಎಲೆಯ ಮೇಲೆ ಎಣ್ಣೆ ಹನಿಯಂಥ ಚುಕ್ಕೆಗಳಾಗಿ, ಗಿಣ್ಣುಗಳಲ್ಲಿ ಕಪ್ಪು ಗಾಯವಾಗಿ, ಹಣ್ಣಿನ ಮೇಲೆ ಸೀಳಿದ ಕಲೆಗಳಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಹೊರಗೆ ಏನೂ ಕಾಣಿಸದ ಕಡ್ಡಿಯೊಳಗೂ ಅದು ಅಡಗಿ ಕೂತು, ಹೊಸ ಊರಿಗೆ ಪ್ರಯಾಣ ಮಾಡಬಲ್ಲದು. ಒಮ್ಮೆ ಬಂದರೆ ಅಕ್ಕಪಕ್ಕದವರ ತೋಟಗಳೂ ಉಳಿಯುವುದಿಲ್ಲ. ಪರಿಚಿತರು ಎಷ್ಟೇ ಪ್ರೀತಿಯಿಂದ ಕೊಟ್ಟರೂ ದಾಳಿಂಬೆಯ ಕಡ್ಡಿ ತರಬೇಡಿರಿ. ಅಂಗಾಂಶ ಕೃಷಿಯಿಂದ ಮಾಡಿದ, ರೋಗವಿಲ್ಲವೆಂದು ಪರೀಕ್ಷಿಸಿದ ಸಸಿಗಳನ್ನು ಕೊಳ್ಳಿರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಅಥವಾ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ ಮುಂದುವರಿಯುವುದು ಕ್ಷೇಮ.

ದ್ರಾಕ್ಷಿಯ ಸಮಯ ಇದೇ. ಅಕ್ಟೋಬರ್ ಚಾಟ್ನಿಯಲ್ಲಿ, ಎಂದರೆ ಬಳ್ಳಿ ಸವರುವಾಗ, ಕತ್ತರಿಸಿ ಹಾಕುವ ಬಲಿತ ಟೊಂಗೆಗಳಿಂದ ನಾಲ್ಕು ಗಿಣ್ಣಿನ ಕಡ್ಡಿಗಳನ್ನು ಆರಿಸಿಕೊಳ್ಳಬಹುದು. ತೋಟಗಾರರು ಸವಳು ಮತ್ತು ನೀರಿನ ಕೊರತೆ ತಡೆಯುವ ಡಾಗ್‌ರಿಡ್ಜ್ ಎಂಬ ದ್ರಾಕ್ಷಿಯ ಬೇರಿನ ಮೇಲೆ ಕಸಿ ಮಾಡುತ್ತಾರೆ. ಮನೆಯ ಚಪ್ಪರಕ್ಕೆ ಸ್ವಂತ ಬೇರಿನ ಬಳ್ಳಿಯೇ ಸಾಕು. ಅಂಜೂರಕ್ಕೆ ಈಗ ಅವಸರ ಬೇಡ. ಅದು ಎಲೆ ಉದುರಿಸಿ ವಿಶ್ರಮಿಸುವ ಪುಷ್ಯ, ಮಾಘದಲ್ಲಿ ಎಂಟರಿಂದ ಹತ್ತು ಅಂಗುಲದ ಬಲಿತ ಕಡ್ಡಿ ತೆಗೆಯಿರಿ.

ಸೇವಂತಿಗೆ ಹಗಲು ಕಿರಿದಾಗುವ ಈ ದಿನಗಳಲ್ಲಿ ಹೂವಿನ ಕಡೆಗೆ ತಿರುಗಿರುತ್ತದೆ. ಹೂ ಮುಗಿದ ಮೇಲೆ ಬುಡದಲ್ಲಿ ಬರುವ ಮರಿಗಳನ್ನು ಬೇರ್ಪಡಿಸಿರಿ. ಕರಿಬೇವು ಕಡ್ಡಿಯಿಂದ ಬರುವುದು ಅಪರೂಪ. ಬೇರಿನಿಂದ ಏಳುವ ಮರಿಗಿಡವೇ ಸುಲಭ.

ಪ್ರಶ್ನೆ: ಅಂಗಳದಲ್ಲಿ ಕಣಗಿಲೆ ಕಡ್ಡಿ ನೀರಿನ ಬಾಟಲಿಯಲ್ಲಿಯೇ ಬೇರು ಬಿಟ್ಟಿದೆ. ಮಣ್ಣಿಗೆ ಹಾಕಬಹುದೇ? ಮನೆಯಲ್ಲಿ ಆಕಳು ಇದೆ, ಚಿಕ್ಕ ಮಕ್ಕಳಿದ್ದಾರೆ.
(ಓದುಗರು, ಕಲಘಟಗಿ)

ಉತ್ತರ: ಹಾಕಬಹುದು, ಬೇರು ಒಂದು ಅಂಗುಲವಾದೊಡನೆ ಹಾಕಿರಿ. ನೀರಿನಲ್ಲಿ ಬೆಳೆದ ಬೇರು ಮೆದುವಾಗಿದ್ದು ಉದ್ದವಾದಷ್ಟೂ ಮಣ್ಣಿಗೆ ಒಗ್ಗುವುದು ಕಷ್ಟವಾಗುತ್ತದೆ. ಆದರೆ ಕಣಗಿಲೆಯ ಎಲೆ, ಹೂ, ತೊಗಟೆ, ಬೇರು ಎಲ್ಲವೂ ವಿಷ. ಕಡ್ಡಿ ನಿಂತಿದ್ದ ನೀರೂ ವಿಷವೇ; ಅದನ್ನು ಮಕ್ಕಳ ಕೈಗೆ ಸಿಗದಂತೆ ಕೂಡಲೇ ಚೆಲ್ಲಿ, ಕೈ ತೊಳೆಯಿರಿ. ಸವರಿದ ಸೊಪ್ಪು ಆಕಳ ಮೇವಿನೊಂದಿಗೆ ಸೇರದಿರಲಿ. ಅಂಗಳದಲ್ಲಿ ಆಕಳು ಬಿಚ್ಚಿಕೊಂಡು ಓಡಾಡುವುದಾದರೆ ಆ ಜಾಗಕ್ಕೆ ನಾನು ದಾಸವಾಳವನ್ನೇ ಆರಿಸುತ್ತಿದ್ದೆ.

ಪ್ರಶ್ನೆ: ಹಳೇ ಹುಬ್ಬಳ್ಳಿಯ ನಮ್ಮ ತವರುಮನೆಯನ್ನು ಸಂಕ್ರಾಂತಿಯ ಮೇಲೆ ಕೆಡವಿ ಕಟ್ಟಿಸುತ್ತಿದ್ದಾರೆ. ಹಿತ್ತಲಿನಲ್ಲಿ ನಮ್ಮ ತಾಯಿ ನೆಟ್ಟ ದುಂಡುಮಲ್ಲಿಗೆ ಇದೆ. ಅವರು ತೀರಿಕೊಂಡು ಆರು ವರ್ಷಗಳಾದವು. ನನಗೊಂದು, ಗದಗಿನಲ್ಲಿರುವ ತಂಗಿಗೊಂದು ಗಿಡವಾದರೂ ಉಳಿಯಬೇಕು. ನಾನು ಈ ಮೊದಲು ಕಡ್ಡಿ ನೆಟ್ಟವಳಲ್ಲ. ದಯವಿಟ್ಟು ತಪ್ಪದ ದಾರಿ ತಿಳಿಸಿರಿ.
(ಓದುಗರು, ನವನಗರ, ಹುಬ್ಬಳ್ಳಿ)

ಉತ್ತರ: ಅಕ್ಕಾವ್ರೇ, ನಿಮ್ಮ ಪತ್ರವನ್ನು ಎಲ್ಲಕ್ಕಿಂತ ಮೊದಲು ಓದಿ, ಕೊನೆಗೆ ಉತ್ತರಿಸುತ್ತಿದ್ದೇನೆ, ಏಕೆಂದರೆ ಮೇಲಿನ ಉತ್ತರಗಳನ್ನು ನೀವು ಓದಿಕೊಂಡಿದ್ದರೆ ನನ್ನ ಮಾತು ಸಂಕ್ಷಿಪ್ತವಾಗುತ್ತದೆ. ಕಡ್ಡಿಯಿಂದ ಬಂದ ಗಿಡವು ತಾಯಿಗಿಡದ ಮಗುವಲ್ಲ, ಅದೇ ಗಿಡದ ಮುಂದುವರಿಕೆ. ಅದೇ ಪರಿಮಳ, ಅದೇ ದಳಗಳು. ನಿಮ್ಮ ತಾಯಿಯವರು ನೆಟ್ಟ ಗಿಡವೇ ಎರಡು ಮನೆಗಳಲ್ಲಿ ಇರುತ್ತದೆ. ನಿಮಗೆ ಮೂರು ತಿಂಗಳ ಕಾಲವಿದೆ. ಒಂದೇ ದಾರಿಯನ್ನು ನಂಬದೆ ಮೂರನ್ನೂ ಒಟ್ಟಿಗೆ ಹಿಡಿಯಿರಿ.

ಮೊದಲನೆಯದು ಕಡ್ಡಿ. ಈ ವಾರ ಹನ್ನೆರಡು, ಹದಿನೈದು ದಿನ ಬಿಟ್ಟು ಮತ್ತೆ ಹನ್ನೆರಡು ಕಡ್ಡಿ ತೆಗೆಯಿರಿ. ಹೂವಿಲ್ಲದ, ಅರೆಬಲಿತ ಟೊಂಗೆಯಿಂದ ನಾಲ್ಕೈದು ಅಂಗುಲದ, ಮೂರು ಗಿಣ್ಣಿನ ತುಂಡುಗಳು ಸಾಕು. ಐಬಿಎ ಪುಡಿ ತಾಗಿಸಿ, ಒಂದೊಂದನ್ನೂ ಪ್ರತ್ಯೇಕ ಚೀಲದಲ್ಲಿ ನೆಟ್ಟು, ಬಾಟಲಿ ಬೋರಲು ಹಾಕಿ ನೆರಳಿನಲ್ಲಿಡಿರಿ. ಐದರಿಂದ ಎಂಟು ವಾರಗಳಲ್ಲಿ ಬೇರು ಬರುತ್ತದೆ. ಮೊದಲ ಸಲದ ಕೈಗೆ ಅರ್ಧದಷ್ಟು ಹತ್ತಿದರೂ ಬಹಳ ಒಳ್ಳೆಯದು. ಉಳಿದವು ಒಣಗಿದರೆ ಎದೆಗುಂದಬೇಡಿರಿ.

ಎರಡನೆಯದು ಟೊಂಗೆ ಬಾಗಿಸಿ ಊರುವುದು. ನೆಲದ ಹತ್ತಿರದ ಎರಡು ಮೂರು ಉದ್ದ ಟೊಂಗೆಗಳನ್ನು ಆರಿಸಿ, ಒಂದು ಗಿಣ್ಣಿನ ಕೆಳಗಿನ ತೊಗಟೆಯನ್ನು ಅಂಗುಲದಷ್ಟು ಕೆರೆದು, ಆ ಭಾಗವನ್ನು ಮಣ್ಣು ತುಂಬಿದ ಕುಂಡದೊಳಗೆ ಬಾಗಿಸಿ, ಮೇಲೆ ಮೂರು ಅಂಗುಲ ಮಣ್ಣು ಹಾಕಿ ಕಲ್ಲು ಹೇರಿರಿ. ತುದಿ ಹೊರಗಿರಲಿ. ಬೇರು ಬರುವವರೆಗೂ ತಾಯಿಗಿಡವೇ ಇದಕ್ಕೆ ನೀರುಣಿಸುವುದರಿಂದ ಒಣಗುವ ಭಯವಿಲ್ಲ; ಕುಂಡದ ಮಣ್ಣು ಆರದಂತೆ ಯಾರಾದರೂ ನೋಡಿಕೊಂಡರೆ ಸಾಕು. ಅನುಭವವಿಲ್ಲದವರಿಗೆ ನಾನು ಹೆಚ್ಚು ನಂಬುವ ದಾರಿ ಇದು. ಎರಡೂವರೆ ತಿಂಗಳ ಹೊತ್ತಿಗೆ, ಅಂದರೆ ಪುಷ್ಯದಲ್ಲಿ, ತಾಯಿಗಿಡದ ಕಡೆಯ ಟೊಂಗೆಯನ್ನು ಒಂದೇ ಸಲಕ್ಕೆ ಕತ್ತರಿಸದೆ, ಮೊದಲು ಅರ್ಧ ಕೊಯ್ದು, ವಾರ ಬಿಟ್ಟು ಪೂರ್ತಿ ಬೇರ್ಪಡಿಸಿ ಕುಂಡಸಮೇತ ತನ್ನಿರಿ.

ಮೂರನೆಯದು ಗಿಡವನ್ನೇ ಎಬ್ಬಿಸುವುದು. ದುಂಡುಮಲ್ಲಿಗೆಯನ್ನು ಹೇಗೂ ಚಳಿಗಾಲದಲ್ಲಿಯೇ ಸವರುತ್ತಾರೆ. ಕೆಡವುವ ಮೊದಲಿನ ವಾರದಲ್ಲಿ, ಊರಿದ ಟೊಂಗೆಗಳನ್ನು ಬೇರ್ಪಡಿಸಿದ ಮೇಲೆ, ಗಿಡವನ್ನು ಒಂದೂವರೆ ಅಡಿಗೆ ಕತ್ತರಿಸಿ, ಹಿಂದಿನ ದಿನ ನೀರು ತುಂಬಿ, ಸುತ್ತ ಒಂದೂವರೆ ಅಡಿ ದೂರದಲ್ಲಿ ಅಗೆದು, ಮಣ್ಣಿನ ಹೆಂಟೆ ಒಡೆಯದಂತೆ ಗೋಣಿತಟ್ಟಿನಲ್ಲಿ ಬಿಗಿದು ಎತ್ತಿಸಿರಿ. ಹಳೆಯ ಬೇರು ಹೊಸ ನೆಲಕ್ಕೆ ಹೊಂದಿಕೊಳ್ಳುತ್ತದೆ ಎಂಬ ಭರವಸೆ ಕಡಿಮೆ, ಆದರೂ ಕಲ್ಲುಮಣ್ಣಿನ ಕೆಳಗೆ ಬಿಟ್ಟುಬರುವುದಕ್ಕಿಂತ ಇದು ಮೇಲು.

ಗದಗಿಗೆ ಕಳುಹಿಸುವ ಗಿಡ ಕುಂಡದಲ್ಲಿ ಚೆನ್ನಾಗಿ ಬೇರೂರಿದ ಮೇಲೆ, ಶಿವರಾತ್ರಿಯ ಹೊತ್ತಿಗೆ ಹೋಗಲಿ; ತಂಗಿಯವರು ಬೆಟಗೇರಿಯ ಓದುಗರಿಗೆ ಹೇಳಿದಂತೆ ಗುಣಿ ಸಿದ್ಧ ಮಾಡಿಟ್ಟುಕೊಳ್ಳಲಿ. ಬೇಸಿಗೆಯಲ್ಲಿ ಎರಡೂ ಕಡೆಯ ಗಿಡಗಳಲ್ಲಿ ಒಂದೆರಡು ಮೊಗ್ಗು ಕಾಣಿಸಿಕೊಳ್ಳಬಹುದು. ಮನಸ್ಸು ಗಟ್ಟಿ ಮಾಡಿಕೊಂಡು ಅವನ್ನು ಚಿವುಟಿರಿ, ಶಕ್ತಿಯೆಲ್ಲ ಬೇರ ಕಡೆಗೆ ಹೋಗಲಿ. ಅದರ ಮುಂದಿನ ಬೇಸಿಗೆಯಿಂದ ಹೂ ಬಿಡಿಸಿಕೊಳ್ಳಬಹುದು.